ಕಾಯಿಲೆ ಗುರುತಿಸದೆ ಹೋದ ಡಾಕ್ಟರ ಮೇಲೆ ಕೇಸು ಹಾಕಬೇಕೇ? ಓದುಗರ ಪ್ರಶ್ನೆ, ತಜ್ಞರ ಉತ್ತರ

ರೋಗ ಪತ್ತೆಯಲ್ಲಿ ಆದ ತಪ್ಪಿನ ಬಗ್ಗೆ ಬಂದ ಪತ್ರಗಳಲ್ಲಿ ಐದನ್ನು ಈ ಸಲ ಆರಿಸಿಕೊಂಡಿದ್ದೇವೆ. ಗ್ರಾಹಕರ ಆಯೋಗಗಳಲ್ಲಿ ವೈದ್ಯಕೀಯ ಪ್ರಕರಣ ನಡೆಸುವ ವಕೀಲರೊಬ್ಬರೂ ಜನರಲ್ ಮೆಡಿಸಿನ್ ತಜ್ಞರೊಬ್ಬರೂ ಕೂಡಿ ಉತ್ತರಿಸಿದ್ದಾರೆ. ಬರೆದವರ ಹೆಸರನ್ನೂ ಆಸ್ಪತ್ರೆಗಳ ಹೆಸರನ್ನೂ ಬಿಟ್ಟಿದ್ದೇವೆ.

ಪ್ರಶ್ನೆ: ನಮ್ಮ ಅಪ್ಪನಿಗೆ 58 ವರ್ಷ, ಸಕ್ಕರೆ ಕಾಯಿಲೆ ಇತ್ತು. ಐದು ತಿಂಗಳ ಹಿಂದೆ ಒಂದು ರಾತ್ರಿ ಒಂಬತ್ತರ ಸುಮಾರಿಗೆ ಎದೆ ಉರಿ, ಹೊಟ್ಟೆಯ ಮೇಲ್ಭಾಗದಲ್ಲಿ ಹಿಂಡಿದ ಹಾಗೆ ನೋವು ಅಂದರು. ಮೈಯೆಲ್ಲ ಬೆವರಿತ್ತು. ಹನ್ನೊಂದಕ್ಕೆ ಹತ್ತಿರದ ನರ್ಸಿಂಗ್ ಹೋಮಿಗೆ ಕರೆದುಕೊಂಡು ಹೋದೆವು. ಡ್ಯೂಟಿ ಡಾಕ್ಟರು ಗ್ಯಾಸ್ಟ್ರಿಕ್ ಅಂತ ಇಂಜೆಕ್ಷನ್ ಕೊಟ್ಟು ಮನೆಗೆ ಕಳಿಸಿದರು. ಬೆಳಗಿನ ಜಾವ ಐದಕ್ಕೆ ನೋವು ಜೋರಾಗಿ ದೊಡ್ಡ ಆಸ್ಪತ್ರೆಗೆ ಸೇರಿಸಿದೆವು. ಇಸಿಜಿ ನೋಡಿದ ಕೂಡಲೇ ಹಾರ್ಟ್ ಅಟ್ಯಾಕ್ ಅಂದರು. 7.40ಕ್ಕೆ ಅಪ್ಪ ತೀರಿಕೊಂಡರು. ಪೋಸ್ಟ್ ಮಾರ್ಟಂ ಮಾಡಿಸಲಿಲ್ಲ. ಅಣ್ಣ ಪೊಲೀಸ್ ಕಂಪ್ಲೇಂಟ್ ಕೊಡೋಣ ಅನ್ನುತ್ತಾನೆ. ಅಮ್ಮ, ಹೋದವರು ವಾಪಸ್ ಬರುತ್ತಾರಾ, ಬಿಟ್ಟುಬಿಡಿ ಅನ್ನುತ್ತಾರೆ. ನರ್ಸಿಂಗ್ ಹೋಮಿನ ಚೀಟಿಯ ಫೋಟೋ ಕಳಿಸಿದ್ದೇನೆ. ಏನು ಮಾಡಲಿ?
- ದಾವಣಗೆರೆ

ಉತ್ತರ: ನೀವು ಕಳಿಸಿದ ಚೀಟಿಯಿಂದಲೇ ಶುರು ಮಾಡೋಣ. ಅದರಲ್ಲಿರುವುದು ಐದೇ ಸಾಲು. ಮೇಲೆ ದಿನಾಂಕ, ರಾತ್ರಿ 11.10 ಎಂಬ ಸಮಯ. ಕೆಳಗೆ ‘ಎಪಿಗ್ಯಾಸ್ಟ್ರಿಕ್ ಪೇನ್, 2 ಗಂಟೆ, ಸ್ವೆಟಿಂಗ್ ಪ್ಲಸ್’, ಅಂದರೆ ಹೊಟ್ಟೆಯ ಮೇಲ್ಭಾಗದ ನೋವು, ಜೊತೆಗೆ ಬೆವರು. ಮುಂದಿನ ಸಾಲಿನಲ್ಲಿ ‘ಡಿಎಂ’ ಎಂದಿದೆ, ಅಂದರೆ ಸಕ್ಕರೆ ಕಾಯಿಲೆಯ ವಿಷಯ ಡಾಕ್ಟರಿಗೆ ತಿಳಿದಿತ್ತು. ಬಿಪಿ 150/90, ನಾಡಿ 104. ಕೊನೆಯಲ್ಲಿ ಪ್ಯಾಂಟೊಪ್ರಜೋಲ್ 40 ಇಂಜೆಕ್ಷನ್, ಪಕ್ಕದಲ್ಲಿ ‘ರಿವ್ಯೂ ಎಸ್‌ಓಎಸ್’, ಅಂದರೆ ಬೇಕಾದರೆ ಮತ್ತೆ ಬನ್ನಿ ಎಂದು. ಇಸಿಜಿ ಎಂಬ ಮೂರಕ್ಷರ ಎಲ್ಲೂ ಇಲ್ಲ.

ರೋಗ ತಪ್ಪಾಗಿ ಗುರುತಿಸಿದ್ದಷ್ಟನ್ನೇ ಕಾನೂನು ನಿರ್ಲಕ್ಷ್ಯ ಎನ್ನುವುದಿಲ್ಲ. ಒಳ್ಳೆಯ ಡಾಕ್ಟರೂ ತಪ್ಪಬಹುದು, ಅದನ್ನು ಸುಪ್ರೀಂ ಕೋರ್ಟು ಮತ್ತೆ ಮತ್ತೆ ಹೇಳಿದೆ. ಗ್ರಾಹಕರ ಆಯೋಗ ಕೇಳುವುದು ಬೇರೆಯದನ್ನು. ಆ ರಾತ್ರಿ ಡಾಕ್ಟರ ಮುಂದೆ ಯಾವ ಲಕ್ಷಣಗಳಿದ್ದವು? ಸಾಮಾನ್ಯ ಜಾಣ್ಮೆಯ ಡಾಕ್ಟರು ಆ ಲಕ್ಷಣ ಕಂಡಾಗ ಮಾಡುವುದನ್ನು ಇವರು ಮಾಡಿದರೇ? ಮಾಡದ್ದರಿಂದಲೇ ಹಾನಿ ಆಯಿತೇ? ಈ ಮೂರಕ್ಕೂ ಕಾಗದದಲ್ಲಿ ಉತ್ತರ ಸಿಗಬೇಕು.

ಮೊದಲೆರಡಕ್ಕೆ ನಿಮ್ಮ ಚೀಟಿಯೇ ಬಲವಾದ ಸಾಕ್ಷಿ. ಮಧುಮೇಹ ಇರುವವರಲ್ಲಿ ಹೃದಯಾಘಾತ ಎದೆನೋವಾಗಿಯೇ ಬರಬೇಕೆಂದಿಲ್ಲ. ಹೊಟ್ಟೆಯ ಮೇಲ್ಭಾಗದ ನೋವು, ಬೆವರು, ಸುಸ್ತು, ವಾಂತಿ, ಹೀಗೂ ಬರುತ್ತದೆ. ಐವತ್ತು ದಾಟಿದ ಮಧುಮೇಹಿ ಬೆವರುತ್ತ ಎಪಿಗ್ಯಾಸ್ಟ್ರಿಕ್ ನೋವು ಎಂದು ಬಂದರೆ ಮೊದಲು ಇಸಿಜಿ, ಆಮೇಲೆ ಗ್ಯಾಸ್ಟ್ರಿಕ್ ಇಂಜೆಕ್ಷನ್ ಎಂಬುದನ್ನು ಹೌಸ್ ಸರ್ಜನ್‌ಗಳಿಗೂ ಕಲಿಸುತ್ತಾರೆ. ಹೃದಯಾಘಾತದ ಶಂಕೆ ಇರುವವರಿಗೆ ಬಂದ ಹತ್ತು ನಿಮಿಷದೊಳಗೆ ಇಸಿಜಿ ಆಗಬೇಕೆಂಬುದು ಎಲ್ಲೆಡೆ ಒಪ್ಪಿರುವ ಮಾನದಂಡ. ನಮ್ಮ ಹತ್ತಿರ ಸೌಲಭ್ಯ ಇರಲಿಲ್ಲ ಎಂದು ನರ್ಸಿಂಗ್ ಹೋಮ್ ಹೇಳಬಹುದು. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲೂಕು ಆಸ್ಪತ್ರೆಗಳಲ್ಲೇ ಇಸಿಜಿ ತೆಗೆದು, ರಕ್ತದ ಗಡ್ಡೆ ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತವಾಗಿ ಕೊಡುವ ಕಾಲದಲ್ಲಿ ಆ ಮಾತು ನಿಲ್ಲುವುದು ಕಷ್ಟ. ಸೌಲಭ್ಯ ಇಲ್ಲದಿದ್ದರೆ ಇರುವ ಕಡೆಗೆ ಬರೆದು ಕಳಿಸಬೇಕಿತ್ತು.

ಮೂರನೆಯ ಪ್ರಶ್ನೆಯಲ್ಲೇ ಹೆಚ್ಚಿನ ಕೇಸುಗಳು ಬೀಳುವುದು. ‘11.10ಕ್ಕೆ ಅಟ್ಯಾಕ್ ಆಗಿರಲಿಲ್ಲ, ಅದು ಬೆಳಗಿನ ಜಾವ ಆದದ್ದು’ ಎಂದು ಎದುರುಪಕ್ಷದವರು ವಾದಿಸುತ್ತಾರೆ. ಪೋಸ್ಟ್ ಮಾರ್ಟಂ ಆಗಿಲ್ಲದಿರುವುದು ನಿಮಗೆ ಇಲ್ಲಿ ತೊಡಕು. ಆದರೆ ಎರಡನೆಯ ಆಸ್ಪತ್ರೆಯ ಕೇಸ್ ಶೀಟಿನಲ್ಲಿ ಇದಕ್ಕೆ ಉತ್ತರ ಇರಬಹುದು. ಅಲ್ಲಿ ತೆಗೆದ ಮೊದಲ ಇಸಿಜಿಯಲ್ಲಿ ಎಸ್‌ಟಿ ಏರಿಕೆಯ ಜೊತೆಗೆ ಆಳವಾದ ಕ್ಯೂ ಅಲೆಗಳಿದ್ದರೆ (ಇವು ಹೃದಯಾಘಾತದ ಗುರುತುಗಳು), ಮತ್ತು ಆಗಲೇ ಟ್ರೋಪೋನಿನ್, ಅಂದರೆ ಹೃದಯದ ಸ್ನಾಯುವಿಗೆ ಪೆಟ್ಟಾದಾಗ ರಕ್ತಕ್ಕೆ ಸೇರುವ ಪ್ರೋಟೀನ್, ಬಹಳ ಏರಿದ್ದರೆ, ಅಟ್ಯಾಕ್ ಶುರುವಾಗಿ ಹಲವು ಗಂಟೆ ಆಗಿತ್ತೆಂದು ಹೃದ್ರೋಗ ತಜ್ಞರು ಹೇಳಬಲ್ಲರು. ಟ್ರೋಪೋನಿನ್ ರಕ್ತದಲ್ಲಿ ಏರಲು ಕೆಲವು ಗಂಟೆ ಬೇಕು. ಮೊದಲ ಪರೀಕ್ಷೆ ನಾರ್ಮಲ್ ಬಂದರೂ ಮತ್ತೊಮ್ಮೆ ಮಾಡಿಸುವುದು ಇದೇ ಕಾರಣಕ್ಕೆ. ಹೃದಯಾಘಾತ ಶುರುವಾದ 12 ಗಂಟೆಯೊಳಗೆ ಗಡ್ಡೆ ಕರಗಿಸುವ ಅಥವಾ ರಕ್ತನಾಳ ತೆರೆಯುವ ಚಿಕಿತ್ಸೆ ಕೊಡಬಹುದು. ಬೇಗ ಆದಷ್ಟೂ ಹೃದಯದ ಸ್ನಾಯು ಉಳಿಯುತ್ತದೆ. ನಿಮ್ಮ ಅಪ್ಪನವರ ವಿಷಯದಲ್ಲಿ ಕಳೆದುಹೋದದ್ದು ರಾತ್ರಿ ಹನ್ನೊಂದರಿಂದ ಬೆಳಗಿನ ಜಾವ ಐದರವರೆಗಿನ ಆರು ಗಂಟೆ.

ಹಾಗಾಗಿ ಮೊದಲ ಕೆಲಸ ಕಾಗದ. ಲೀಗಲ್ ನೋಟಿಸು ಅದಾದ ಮೇಲೆ. ನೋಟಿಸು ತಲುಪಿದ ಮೇಲೆ ಫೈಲು ಬೇಗ ಹೊರಗೆ ಬರುವುದಿಲ್ಲ.

ಎರಡೂ ಕಡೆಗೆ ಬೇರೆ ಬೇರೆ ಅರ್ಜಿ ಬರೆಯಿರಿ. 2002ರ ವೈದ್ಯರ ವೃತ್ತಿ ನಡತೆ ನಿಯಮಗಳ ಪ್ರಕಾರ, ರೋಗಿಯಾಗಲಿ ಅವರ ಕಡೆಯವರಾಗಲಿ ದಾಖಲೆ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ಒಳರೋಗಿಯ ದಾಖಲೆಯನ್ನು ಮೂರು ವರ್ಷ ಇಟ್ಟಿರಬೇಕು. ಅರ್ಜಿಯಲ್ಲಿ ಬರೇ ‘ದಾಖಲೆ ಕೊಡಿ’ ಎಂದರೆ ಎರಡು ಹಾಳೆಯ ಸಮ್ಮರಿ ಕೈಗಿಟ್ಟು ಕಳಿಸುತ್ತಾರೆ. ಹೆಸರಿಟ್ಟು ಕೇಳಿ: ಕ್ಯಾಶುಯಾಲಿಟಿ ರಿಜಿಸ್ಟರಿನ ಆ ರಾತ್ರಿಯ ಪುಟ, ಡಾಕ್ಟರ್ ನೋಟ್ಸ್, ನರ್ಸ್ ನೋಟ್ಸ್, ಔಷಧ ಚಾರ್ಟು, ಎಲ್ಲ ಇಸಿಜಿಗಳು, ಲ್ಯಾಬ್ ವರದಿಗಳು, ಡೆತ್ ಸಮ್ಮರಿ, ಐಟಂವಾರು ಬಿಲ್ಲು, ಆ ರಾತ್ರಿ ಡ್ಯೂಟಿಯಲ್ಲಿದ್ದ ಡಾಕ್ಟರ ಹೆಸರು ಮತ್ತು ನೋಂದಣಿ ಸಂಖ್ಯೆ. ಪ್ರತಿ ಪುಟಕ್ಕೂ ಸಂಖ್ಯೆ, ಸೀಲು, ‘ಟ್ರೂ ಕಾಪಿ’ ಸಹಿ ಕೇಳಿ. ಅರ್ಜಿಯ ನಕಲಿನ ಮೇಲೆ ಸ್ವೀಕೃತಿ ಸಹಿ ಹಾಕಿಸಿ. ಹಾಕದಿದ್ದರೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ. ಆಗಲೂ ಕೊಡದಿದ್ದರೆ ಜಿಲ್ಲಾಧಿಕಾರಿಯವರ ಅಧ್ಯಕ್ಷತೆಯ ಜಿಲ್ಲಾ ನೋಂದಣಿ ಮತ್ತು ಕುಂದುಕೊರತೆ ಪ್ರಾಧಿಕಾರಕ್ಕೆ ದೂರು ಕೊಡಿ. ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನರ್ಸಿಂಗ್ ಹೋಮಿನ ಲೈಸೆನ್ಸು ಇರುವುದು ಅವರ ಕೈಯಲ್ಲಿ. ಸಾಮಾನ್ಯವಾಗಿ ಜಿಲ್ಲಾ ಆರೋಗ್ಯಾಧಿಕಾರಿಯ (ಡಿಎಚ್‌ಓ) ಕಚೇರಿಯಲ್ಲೇ ಅರ್ಜಿ ತೆಗೆದುಕೊಳ್ಳುತ್ತಾರೆ.

ಬಿಲ್ಲನ್ನು ಮರೆಯಬೇಡಿ. ನಾಳೆ ನರ್ಸಿಂಗ್ ಹೋಮಿನವರು ‘ಇಸಿಜಿ ತೆಗೆದಿದ್ದೆವು, ನಾರ್ಮಲ್ ಇತ್ತು’ ಎಂದರೆ, ಬಿಲ್ಲಿನಲ್ಲಿ ಇಸಿಜಿ ಶುಲ್ಕ ಇಲ್ಲದಿರುವುದು ನಿಮ್ಮ ಪರ ಮಾತಾಡುತ್ತದೆ. ಇಸಿಜಿ ಕಾಗದದ ಬಗ್ಗೆ ಇನ್ನೊಂದು ಎಚ್ಚರಿಕೆ: ಅದು ಥರ್ಮಲ್ ಪೇಪರ್, ಬಸ್ ಟಿಕೆಟಿನ ಹಾಗೆ ದಿನ ಕಳೆದಂತೆ ಮಾಸಿಹೋಗುತ್ತದೆ. ಕೈಗೆ ಬಂದ ದಿನವೇ ಎರಡು ಜೆರಾಕ್ಸ್ ಮಾಡಿಸಿ, ಸ್ಕ್ಯಾನ್ ಮಾಡಿಸಿ. ಜೋಪಾನ ಮಾಡಲೆಂದು ಲ್ಯಾಮಿನೇಶನ್ ಮಾಡಿಸಿದರೆ ಆ ಬಿಸಿಗೆ ಕಾಗದ ಪೂರ್ತಿ ಕಪ್ಪಾಗುತ್ತದೆ. ಮುಖ್ಯ ಸಾಕ್ಷಿ ಹೀಗೆ ಅಂಗಡಿಯ ಲ್ಯಾಮಿನೇಶನ್ ಮೆಷಿನ್ನಿನಲ್ಲೇ ಮುಗಿದುಹೋಗುವುದುಂಟು.

ಡಾಕ್ಟರ ನೋಂದಣಿ ಸಂಖ್ಯೆ ಕೇಳಿದ್ದಕ್ಕೂ ಕಾರಣ ಇದೆ. ಕೆಲವು ಕಡೆ ರಾತ್ರಿ ಡ್ಯೂಟಿಯಲ್ಲಿ ಬೇರೆ ಪದ್ಧತಿ ಓದಿದವರು ಅಲೋಪಥಿ ಔಷಧ ಬರೆಯುತ್ತಿರುತ್ತಾರೆ. ಹೋಮಿಯೋಪಥಿ ಓದಿದವರೊಬ್ಬರು ಅಲೋಪಥಿ ಔಷಧ ಕೊಟ್ಟ ಪ್ರಕರಣದಲ್ಲಿ, ತಿಳಿಯದ ಪದ್ಧತಿಯಲ್ಲಿ ಚಿಕಿತ್ಸೆ ಕೊಡುವುದೇ ನಿರ್ಲಕ್ಷ್ಯ ಎಂದು ಸುಪ್ರೀಂ ಕೋರ್ಟು 1996ರಲ್ಲೇ ಹೇಳಿದೆ. ಹಾಗಿದ್ದರೆ ನಿಮ್ಮ ಕೇಸಿನ ಬಲವೇ ಬೇರೆ.

ದಾಖಲೆ ಕೂಡಿದ ಮೇಲೆ ಒಂದು ಫುಲ್‌ಸ್ಕೇಪ್ ಹಾಳೆಯಲ್ಲಿ ಮೂರು ಅಂಕಣ ಮಾಡಿ. ಮೊದಲ ಅಂಕಣದಲ್ಲಿ ಸಮಯ, ಎರಡನೆಯದರಲ್ಲಿ ಏನಾಯಿತು, ಮೂರನೆಯದರಲ್ಲಿ ಅದಕ್ಕೆ ಯಾವ ಕಾಗದ ಸಾಕ್ಷಿ. ಮೂರನೆಯ ಅಂಕಣ ಖಾಲಿ ಇರುವ ಕಡೆಗಳಲ್ಲೇ ಎದುರು ವಕೀಲರು ಕೈ ಇಡುತ್ತಾರೆ. ಈ ಹಾಳೆಯನ್ನೂ ಪೂರ್ತಿ ದಾಖಲೆಯನ್ನೂ ಹಿಡಿದು, ಬೇರೆ ಊರಿನ ಹೃದ್ರೋಗ ತಜ್ಞರೊಬ್ಬರನ್ನು ಕಾಣಿ. ವೈದ್ಯಕೀಯ ಕಾಲೇಜಿನ ಪ್ರಾಧ್ಯಾಪಕರು, ನಿವೃತ್ತರಾದವರು ಅಭಿಪ್ರಾಯ ಬರೆದುಕೊಡಲು ಹೆಚ್ಚು ಒಪ್ಪುತ್ತಾರೆ. ಅವರಿಗೆ ಮೊದಲು ಕೇಳಬೇಕಾದ ಪ್ರಶ್ನೆ ಇದು: ‘ಸರ್, ಆ ಡಾಕ್ಟರ ಪರವಾಗಿ ಏನು ಹೇಳಬಹುದು?’ ಅವರು ಅದಕ್ಕೆ ಕೊಡುವ ಉತ್ತರ ಕೇಳಿಸಿಕೊಂಡ ಮೇಲೆ ನಿಮ್ಮ ಕೇಸು ಎಷ್ಟು ಗಟ್ಟಿ ಎಂಬುದು ನಿಮಗೇ ತಿಳಿಯುತ್ತದೆ.

ಈಗ ಅಣ್ಣನವರ ಮಾತು. ವೈದ್ಯರ ಮೇಲೆ ಕ್ರಿಮಿನಲ್ ಮೊಕದ್ದಮೆ ನಿಲ್ಲಬೇಕಾದರೆ ನಿರ್ಲಕ್ಷ್ಯ ಅತಿ ಘೋರವಾದದ್ದಾಗಿರಬೇಕು ಎಂದು 2005ರ ಜೇಕಬ್ ಮ್ಯಾಥ್ಯೂ ತೀರ್ಪು ಹೇಳುತ್ತದೆ. ತನಿಖೆ ಮಾಡುವವರು ಮುಂದುವರಿಯುವ ಮೊದಲು ಸ್ವತಂತ್ರ ವೈದ್ಯರ, ಸಾಧ್ಯವಾದರೆ ಸರ್ಕಾರಿ ವೈದ್ಯರ, ಅಭಿಪ್ರಾಯ ಪಡೆಯಬೇಕು. ಈಗ ಅನ್ವಯವಾಗುವುದು ಭಾರತೀಯ ನ್ಯಾಯ ಸಂಹಿತೆಯ 106(1), ಚಿಕಿತ್ಸೆಯ ವೇಳೆಯ ನಿರ್ಲಕ್ಷ್ಯಕ್ಕೆ ನೋಂದಾಯಿತ ವೈದ್ಯರಿಗೆ ಎರಡು ವರ್ಷದವರೆಗೆ ಶಿಕ್ಷೆ. ಪೋಸ್ಟ್ ಮಾರ್ಟಂ ಇಲ್ಲದೆ, ಐದು ತಿಂಗಳ ನಂತರ, ಈ ದಾರಿಯಲ್ಲಿ ಗೆಲ್ಲುವುದು ಬಹಳ ಕಷ್ಟ. ಇನ್ನೂ ಒಂದು ಅಪಾಯವಿದೆ: ಪೊಲೀಸರು ಅಭಿಪ್ರಾಯ ಕೇಳಿದ ವೈದ್ಯಕೀಯ ಸಮಿತಿ ‘ತಪ್ಪಿಲ್ಲ’ ಎಂದು ಬರೆದರೆ ಆ ಕಾಗದ ಗ್ರಾಹಕರ ಆಯೋಗದಲ್ಲಿ ನಿಮ್ಮ ವಿರುದ್ಧವೇ ಹಾಜರಾಗುತ್ತದೆ. ಇಂಥ ಸಾವು ಆಗಷ್ಟೇ ಆಗಿ, ಮನಸ್ಸಿನಲ್ಲಿ ಸಂಶಯ ಇರುವ ಬೇರೆ ಓದುಗರಿಗೆ ಮಾತ್ರ ಇಷ್ಟು ಹೇಳುತ್ತೇವೆ. ದೇಹವನ್ನು ಮನೆಗೆ ಒಯ್ಯುವ ಮೊದಲೇ ಠಾಣೆಗೆ ತಿಳಿಸಿ ಪೋಸ್ಟ್ ಮಾರ್ಟಂ ಕೇಳಿ. ಆ ಹೊತ್ತಿನಲ್ಲಿ ಎಷ್ಟು ಕಷ್ಟ ಎಂಬುದು ಗೊತ್ತು, ಆದರೆ ಆಮೇಲೆ ಅದಕ್ಕೆ ಬದಲಿ ಇಲ್ಲ.

ನಿಮಗೆ ಸರಿಯಾದ ದಾರಿ ಜಿಲ್ಲಾ ಗ್ರಾಹಕರ ವ್ಯಾಜ್ಯ ಪರಿಹಾರ ಆಯೋಗ. ಹಣ ಪಡೆದು ಕೊಡುವ ಚಿಕಿತ್ಸೆ ಗ್ರಾಹಕ ಕಾನೂನಿನೊಳಗೆ ಬರುತ್ತದೆ ಎಂಬುದು 1995ರಲ್ಲೇ ತೀರ್ಮಾನವಾಗಿದೆ. ಕಾನೂನಿನ ವಾರಸುದಾರರಾಗಿ ಅಮ್ಮ, ಅಣ್ಣ, ನೀವು ಮೂವರೂ ಸೇರಿ ದೂರು ಕೊಡಬಹುದು. ಆಯೋಗ ಯಾವುದು ಎಂಬುದು ನೀವು ಕೇಳುವ ಪರಿಹಾರದ ಮೇಲಲ್ಲ, ಆಸ್ಪತ್ರೆಗೆ ಕಟ್ಟಿದ ಹಣದ ಮೇಲೆ ನಿರ್ಧಾರವಾಗುತ್ತದೆ. 50 ಲಕ್ಷದವರೆಗೆ ಕಟ್ಟಿದ್ದರೆ ಜಿಲ್ಲಾ ಆಯೋಗ. 5 ಲಕ್ಷದವರೆಗೆ ಶುಲ್ಕವೇ ಇಲ್ಲ. ನೀವು ವಾಸವಿರುವ ಜಿಲ್ಲೆಯಲ್ಲೇ ಹಾಕಬಹುದು, ಗ್ರಾಹಕರ ದೂರುಗಳ ಇ-ಜಾಗೃತಿ ಪೋರ್ಟಲಿನಲ್ಲಿ ಆನ್‌ಲೈನಾಗಿಯೂ ಸಲ್ಲಿಸಬಹುದು. ಎದುರುದಾರರಾಗಿ ನರ್ಸಿಂಗ್ ಹೋಮನ್ನು ಸೇರಿಸಲೇಬೇಕು. ಡಾಕ್ಟರ ಹೆಸರು ಸಿಗಲಿಲ್ಲ ಎಂಬ ಕಾರಣಕ್ಕೆ ದೂರು ಬಿದ್ದುಹೋಗುವುದಿಲ್ಲ, ತನ್ನ ಸಿಬ್ಬಂದಿಯ ತಪ್ಪಿಗೆ ಆಸ್ಪತ್ರೆಯೇ ಹೊಣೆ. ಗಡುವು ಎರಡು ವರ್ಷ. ನಿಮಗೆ ಇನ್ನೂ ಹತ್ತೊಂಬತ್ತು ತಿಂಗಳಿವೆ, ಆದರೆ ಒಂದು ವರ್ಷದೊಳಗೆ ಹಾಕುವ ಲೆಕ್ಕ ಇಟ್ಟುಕೊಳ್ಳಿ.

ಕರ್ನಾಟಕ ವೈದ್ಯಕೀಯ ಪರಿಷತ್ತಿಗೂ ದೂರು ಕೊಡಬಹುದು. ಅಲ್ಲಿ ಹಣದ ಪರಿಹಾರ ಇಲ್ಲ. ಎಚ್ಚರಿಕೆ ಕೊಡುವುದು, ನೋಂದಣಿಯನ್ನು ಅಮಾನತಿನಲ್ಲಿಡುವುದು ಅಥವಾ ತೆಗೆದುಹಾಕುವುದು ಅವರ ಅಧಿಕಾರ. ಇನ್ನೊಬ್ಬರಿಗೆ ಹೀಗಾಗಬಾರದು ಎಂಬುದೇ ನಿಮ್ಮ ಮನಸ್ಸಿನಲ್ಲಿದ್ದರೆ ಆ ದಾರಿ ಸಣ್ಣದೇನಲ್ಲ.

ಕಾನೂನಿನ ಪುಸ್ತಕದಲ್ಲಿ ಮೂರರಿಂದ ಐದು ತಿಂಗಳೆಂದು ಬರೆದಿದ್ದರೂ ವೈದ್ಯಕೀಯ ಕೇಸು ವರ್ಷಗಟ್ಟಲೆ ನಡೆಯುತ್ತದೆ, ಮೇಲ್ಮನವಿ ಬೇರೆ. ದೇಶದಲ್ಲೇ ದೊಡ್ಡ ಪರಿಹಾರ ಸಿಕ್ಕ ಕೋಲ್ಕತಾದ ಕುನಾಲ್ ಸಾಹಾ ಪ್ರಕರಣದಲ್ಲಿ ಅವರ ಪತ್ನಿ ತೀರಿಕೊಂಡದ್ದು 1998ರಲ್ಲಿ, ಸುಮಾರು 6 ಕೋಟಿ ರೂಪಾಯಿಯ ಕೊನೆಯ ತೀರ್ಪು ಬಂದದ್ದು 2013ರಲ್ಲಿ. ಅಮ್ಮನ ಮಾತನ್ನು ನಾವು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಕೇಸು ಹಾಕಿದರೆ ಆ ರಾತ್ರಿಯನ್ನು ಅವರು ಅಫಿಡವಿಟ್ಟಿನಲ್ಲಿ ಮತ್ತೆ ಹೇಳಬೇಕು, ಪಾಟೀಸವಾಲಿಗೆ ಉತ್ತರಿಸಬೇಕಾಗಬಹುದು. ಆದರೂ ನಮ್ಮ ಸಲಹೆ ಸ್ಪಷ್ಟ: ದಾಖಲೆ ತೆಗೆಯುವ ಕೆಲಸವನ್ನು ಈ ವಾರವೇ ಮಾಡಿ. ತಜ್ಞರು ಓದಿ ‘ಇಸಿಜಿ ಬೇಕಿತ್ತು, ತೆಗೆದಿದ್ದರೆ ಉಳಿಯುವ ಸಾಧ್ಯತೆ ಹೆಚ್ಚಿತ್ತು’ ಎಂದು ಬರೆದುಕೊಟ್ಟರೆ ಹಾಕಿ. ವಕೀಲರ ಖರ್ಚಿನ ಚಿಂತೆ ಇದ್ದರೆ, ಮಹಿಳೆಯರಿಗೆ ಆದಾಯ ಎಷ್ಟೇ ಇರಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ನೆರವು ಸಿಗುತ್ತದೆ. ಅಮ್ಮನ ಹೆಸರಿನಲ್ಲಿ ಅರ್ಜಿ ಕೊಡಿ. ಬರುವ ಪರಿಹಾರದಲ್ಲಿ ಶೇಕಡಾ ಇಷ್ಟು ಕೊಡಿ ಎನ್ನುವ ವಕೀಲರಿಂದ ದೂರ ಇರಿ, ಅದು ಅವರ ವೃತ್ತಿ ನಿಯಮಕ್ಕೇ ವಿರುದ್ಧ.

ಪ್ರಶ್ನೆ: ನನಗೆ 41 ವರ್ಷ, ಟೇಲರಿಂಗ್ ಮಾಡುತ್ತೇನೆ. ಎಡ ಎದೆಯಲ್ಲಿ ಗಂಟು ಕೈಗೆ ಸಿಕ್ಕಿ ಡಾಕ್ಟರ ಹತ್ತಿರ ಹೋದಾಗ ‘ಹಾಲಿನ ಗಂಟು ಐತಿ, ಏನೂ ಆಗಂಗಿಲ್ಲ, ಹೆದರಬ್ಯಾಡ್ರಿ’ ಎಂದು ಮಾತ್ರೆ ಕೊಟ್ಟರು. ಮತ್ತೆ ಎರಡು ಸಲ ಹೋದೆ, ಅದೇ ಮಾತು. ಏಳು ತಿಂಗಳ ನಂತರ ಬೇರೆ ಕಡೆ ಬಯಾಪ್ಸಿ ಮಾಡಿಸಿದಾಗ ಕ್ಯಾನ್ಸರ್, ಕಂಕುಳಿಗೂ ಹರಡಿದೆ. ಈಗ ಕೀಮೋ ನಡೆದಿದೆ. ಎರಡೇ ವರ್ಷದಲ್ಲಿ ಕೇಸು ಹಾಕಬೇಕಂತೆ. ಚಿಕಿತ್ಸೆಯ ನಡುವೆ ಇದನ್ನೆಲ್ಲ ಹೇಗೆ ಮಾಡಲಿ?
- ಹುಬ್ಬಳ್ಳಿ

ಉತ್ತರ: ಮೊದಲು ಚಿಕಿತ್ಸೆ ಮುಗಿಸಿ. ಕೋರ್ಟಿನ ಓಡಾಟಕ್ಕಾಗಿ ಒಂದು ಸೈಕಲ್ ಕೀಮೋ ಕೂಡ ಮುಂದೂಡಬೇಡಿ. ಈಗ ಮಾಡಬೇಕಾದದ್ದು ಸ್ವಲ್ಪವೇ, ಅದನ್ನು ಮನೆಯವರೂ ಮಾಡಬಹುದು.

ಗಡುವಿನ ಲೆಕ್ಕ ಹೀಗೆ. ತಪ್ಪಿನ ಪರಿಣಾಮ ಆಗಲೇ ಕಾಣದಿದ್ದರೆ, ಹಾನಿ ತಿಳಿದ ದಿನದಿಂದ ಎರಡು ವರ್ಷ ಎಣಿಸಬಹುದೆಂದು ಸುಪ್ರೀಂ ಕೋರ್ಟು 2010ರಲ್ಲಿ ಹೇಳಿದೆ. ನಿಮ್ಮ ಮಟ್ಟಿಗೆ ಅದು ಬಯಾಪ್ಸಿ ವರದಿ ಕೈಗೆ ಬಂದ ದಿನ. ಆದರೆ ಅದೇ ತೀರ್ಪಿನಲ್ಲಿ ಕೇಸು ತಂದ ಮಹಿಳೆ ಸೋತರು. 1993ರ ಶಸ್ತ್ರಚಿಕಿತ್ಸೆಯಲ್ಲಿ ಹೊಟ್ಟೆಯೊಳಗೆ ಉಳಿದ ಗಾಜ್ ಬಟ್ಟೆ 2002ರಲ್ಲಿ ಪತ್ತೆಯಾಗಿತ್ತು. ಒಂಬತ್ತು ವರ್ಷ ನೋವಿದ್ದರೂ ಮೊದಲ ಡಾಕ್ಟರನ್ನು ಮತ್ತೆ ಕಾಣಲಿಲ್ಲವೇಕೆ ಎಂದು ಕೋರ್ಟು ಕೇಳಿತು. ಅವರು ಸ್ವತಃ ನರ್ಸ್ ಆಗಿದ್ದರು. ಆದ್ದರಿಂದ ಈ ನಿಯಮವನ್ನು ಪೂರ್ತಿ ನಂಬಿ ಕೂರಬೇಡಿ. ಮೊದಲ ಡಾಕ್ಟರನ್ನು ಕೊನೆಯ ಸಲ ಕಂಡ ದಿನದಿಂದಲೇ ಎರಡು ವರ್ಷ ಎಣಿಸಿ, ಅದರೊಳಗೆ ಹಾಕಿ. ತಡವಾದರೆ ಕಾರಣ ತೋರಿಸಿ ಮನ್ನಾ ಕೇಳಬಹುದು, ಕೀಮೋ ಒಳ್ಳೆಯ ಕಾರಣವೇ. ಆದರೆ ಮನ್ನಾ ಕೊಡುವುದು ಬಿಡುವುದು ಆಯೋಗದ ವಿವೇಚನೆ.

ಸ್ತನದ ಗಂಟಿಗೆ ‘ಟ್ರಿಪಲ್ ಅಸೆಸ್‌ಮೆಂಟ್’ ಎಂಬ ಕ್ರಮ ಇದೆ: ಕೈಯಿಂದ ಪರೀಕ್ಷೆ, ಮ್ಯಾಮೋಗ್ರಾಂ ಅಥವಾ ಅಲ್ಟ್ರಾಸೌಂಡ್, ಸೂಜಿ ಪರೀಕ್ಷೆ. ನಲವತ್ತು ದಾಟಿದ, ಹಾಲುಣಿಸದ ಮಹಿಳೆಗೆ ಮೊದಲನೆಯದನ್ನು ಮಾತ್ರ ಮಾಡಿ, ಮೂರು ಭೇಟಿಯಲ್ಲೂ ಸ್ಕ್ಯಾನಿಗೆ ಬರೆಯದಿರುವುದು ಗಂಭೀರ ಲೋಪ. ನಿಮ್ಮ ಹಳೆಯ ಚೀಟಿಗಳಲ್ಲಿ ಎರಡು ವಿಷಯ ಹುಡುಕಿ. ಒಂದು, ‘ಅಡ್ವೈಸ್ಡ್ ಮ್ಯಾಮೋಗ್ರಾಂ’ ಎಂದು ಮೂಲೆಯಲ್ಲಾದರೂ ಬರೆದಿದೆಯೇ. ಬರೆದಿದ್ದರೆ ಕೇಸು ಅಲ್ಲಿಗೆ ಬಹುಮಟ್ಟಿಗೆ ಸಡಿಲವಾಯಿತು. ಎರಡು, ಗಂಟಿನ ಅಳತೆ. ‘2 × 1.5 ಸೆಂ.ಮೀ., ಕಂಕುಳಲ್ಲಿ ಗಂಟಿಲ್ಲ’ ಎಂಬಂಥ ಒಂದು ಸಾಲಿದ್ದರೆ ಅದೇ ನಿಮ್ಮ ಮುಖ್ಯ ಸಾಕ್ಷಿ. ಆಗಿನ ಹಂತಕ್ಕೂ ಈಗಿನ ಹಂತಕ್ಕೂ ನಡುವಿನ ಅಂತರವನ್ನು ಅದು ತೋರಿಸುತ್ತದೆ.

ಪರಿಹಾರ ಸಿಗುವುದೂ ಆ ಅಂತರಕ್ಕೆ ಮಾತ್ರ. ಕ್ಯಾನ್ಸರ್ ತಂದದ್ದು ಡಾಕ್ಟರಲ್ಲ. ಏಳು ತಿಂಗಳು ಮೊದಲೇ ಗೊತ್ತಾಗಿದ್ದರೂ ಆಪರೇಶನ್ ಬೇಕಾಗುತ್ತಿತ್ತು, ಕೀಮೋ ಕೂಡ ಬೇಕಾಗುತ್ತಿತ್ತೇನೋ. ಆದ್ದರಿಂದ ನಿಮ್ಮ ಆಂಕಾಲಜಿಸ್ಟ್ (ಕ್ಯಾನ್ಸರ್ ತಜ್ಞರು) ಹೇಳಬೇಕಾದದ್ದು ಇಷ್ಟು: ಆಗಲೇ ಆಗಿದ್ದರೆ ಸ್ತನ ಉಳಿಸುವ ಆಪರೇಶನ್ ಸಾಧ್ಯವಿತ್ತೇ, ಚಿಕಿತ್ಸೆ ಎಷ್ಟು ಕಡಿಮೆಯಾಗುತ್ತಿತ್ತು, ಗುಣವಾಗುವ ಸಾಧ್ಯತೆ ಎಷ್ಟು ಹೆಚ್ಚಿತ್ತು. ಚಿಕಿತ್ಸೆ ಕೊಡುತ್ತಿರುವವರೇ ಬರೆದುಕೊಡಲು ಹಿಂಜರಿದರೆ ಒತ್ತಾಯಿಸಬೇಡಿ, ಅವರ ಜೊತೆಗಿನ ನಂಬಿಕೆ ನಿಮಗೆ ಈಗ ಕೇಸಿಗಿಂತ ಮುಖ್ಯ. ಬೇರೊಬ್ಬರನ್ನು ಕೇಳಿ.

ಮನೆಯವರಿಗೆ ಹೇಳಿ ಬಯಾಪ್ಸಿಯ ಸ್ಲೈಡು ಮತ್ತು ಬ್ಲಾಕನ್ನು ಲ್ಯಾಬಿನಿಂದ ಪತ್ರ ಕೊಟ್ಟು ಪಡೆಯಿರಿ. ಬ್ಲಾಕ್ ಎಂದರೆ ಮೇಣದಲ್ಲಿ ಕೂರಿಸಿದ ಅಂಗಾಂಶದ ಚೂರು, ಬೆಂಕಿಪೊಟ್ಟಣಕ್ಕಿಂತ ಚಿಕ್ಕದು. ಬಿಸಿಲಿಗೆ ಬಿಟ್ಟರೆ ಕೆಡುತ್ತದೆ, ಪುಟ್ಟ ಡಬ್ಬಿಯಲ್ಲಿ ತಂಪಾದ ಕಪಾಟಿನಲ್ಲಿಡಿ. ಬೆಂಗಳೂರಿನ ಕಿದ್ವಾಯಿಯಂಥ ಕಡೆ ಎರಡನೇ ಅಭಿಪ್ರಾಯಕ್ಕೂ ಇವೇ ಬೇಕು. ಸ್ಕ್ಯಾನ್‌ಗಳ ಫಿಲ್ಮು ಮಾತ್ರ ಸಾಲದು, ಸಿಡಿಯನ್ನೂ ಕೇಳಿ. ಹೊಲಿಗೆ ನಿಲ್ಲಿಸಿದ ತಿಂಗಳುಗಳ ಆದಾಯ ತೋರಿಸಲು ಆರ್ಡರ್ ಪುಸ್ತಕ, ಯುಪಿಐ ಸ್ಟೇಟ್‌ಮೆಂಟ್ ತೆಗೆದಿಡಿ. ಓಡಾಟದ ಟಿಕೆಟುಗಳೂ ಲೆಕ್ಕಕ್ಕೆ ಬರುತ್ತವೆ.

ಪ್ರಶ್ನೆ: ತಮ್ಮನಿಗೆ ಜ್ವರ ಬಂದು ಟೈಫಾಯ್ಡ್ ಎಂದು ಒಂಬತ್ತು ದಿನ ಚಿಕಿತ್ಸೆ ಕೊಟ್ಟರು. ಆಮೇಲೆ ದೊಡ್ಡ ಆಸ್ಪತ್ರೆಯಲ್ಲಿ ಸ್ಕ್ರಬ್ ಟೈಫಸ್ ಎಂದರು, ಐಸಿಯುನಲ್ಲಿ ಮೂರು ದಿನ ಇದ್ದು 1,80,000 ರೂಪಾಯಿ ಖರ್ಚಾಯಿತು. ಈಗ ಪೂರ್ತಿ ಗುಣವಾಗಿದ್ದಾನೆ. ಮೊದಲ ಡಾಕ್ಟರ ಮೇಲೆ ಕೇಸು ಹಾಕಬಹುದೇ?
- ಚಿತ್ರದುರ್ಗ

ಉತ್ತರ: ಹಾಕಬಹುದು, ಆದರೆ ಬೇಡ ಎಂಬುದು ನಮ್ಮ ಸಲಹೆ.

ಜ್ವರದ ಮೊದಲ ದಿನಗಳಲ್ಲಿ ಟೈಫಾಯ್ಡ್, ಡೆಂಗ್ಯೂ, ಮಲೇರಿಯಾ, ಇಲಿ ಜ್ವರ, ಸ್ಕ್ರಬ್ ಟೈಫಸ್ ಎಲ್ಲ ಒಂದೇ ಥರ ಕಾಣುತ್ತವೆ. ಸ್ಕ್ರಬ್ ಟೈಫಸ್‌ನಲ್ಲಿ ಹುಳ ಕಚ್ಚಿದ ಕಡೆ ಸಿಗರೇಟಿನಿಂದ ಸುಟ್ಟಂಥ ಕಪ್ಪು ಕಜ್ಜಿ ಇರಬಹುದು, ಅದೂ ಕಂಕುಳು, ತೊಡೆಸಂದಿನಂಥ ಮರೆಯ ಜಾಗದಲ್ಲಿ. ಎಲ್ಲರಿಗೂ ಇರುವುದಿಲ್ಲ. ಟೈಫಾಯ್ಡ್ ಎಂದೇ ನಂಬಿ ಒಂಬತ್ತು ದಿನ ಎಳೆದದ್ದು ಒಳ್ಳೆಯ ಚಿಕಿತ್ಸೆಯಲ್ಲ, ನಿಜ. ಆದರೆ ಹಾನಿ ಉಳಿದಿಲ್ಲ, ಐಸಿಯು ಖರ್ಚಿನಲ್ಲಿ ಎಷ್ಟು ತಡದಿಂದ ಬಂತು ಎಂದು ಬಿಡಿಸಿ ಹೇಳುವುದು ಕಷ್ಟ. ತಪ್ಪಾದ ರೋಗನಿರ್ಣಯ ಇದ್ದರೂ ನಿರ್ಲಕ್ಷ್ಯ ಇಲ್ಲ ಎಂದು 2019ರಲ್ಲಿ ಒಂದು ಪ್ರಕರಣವನ್ನು ಸುಪ್ರೀಂ ಕೋರ್ಟು ವಜಾ ಮಾಡಿದೆ.

ಹೋಲಿಸಲು ಹೈದರಾಬಾದಿನ ಕಿಶನ್ ರಾವ್ ಪ್ರಕರಣ ನೋಡಿ. ಅವರ ಪತ್ನಿಗೆ ಇದ್ದದ್ದು ಮಲೇರಿಯಾ, ಚಿಕಿತ್ಸೆ ಕೊಟ್ಟದ್ದು ಟೈಫಾಯ್ಡಿಗೆ, ಅವರು ಬದುಕಲಿಲ್ಲ. 2010ರಲ್ಲಿ ಸುಪ್ರೀಂ ಕೋರ್ಟು ಪತಿಯ ಪರ ನಿಂತು 2 ಲಕ್ಷ ಪರಿಹಾರವನ್ನು ಎತ್ತಿಹಿಡಿಯಿತು. ತಪ್ಪು ಎದ್ದು ಕಾಣುವಾಗ ಪ್ರತಿ ಕೇಸಿಗೂ ತಜ್ಞರ ಅಭಿಪ್ರಾಯ ಕಡ್ಡಾಯವಲ್ಲ ಎಂದೂ ಹೇಳಿತು. ಆ ತೀರ್ಪು ತೋರಿಸಿ ಕೆಲವರು ತಜ್ಞರನ್ನು ಕೇಳದೆಯೇ ಹೋಗುತ್ತಾರೆ, ರೋಗ ಪತ್ತೆಯ ಕೇಸುಗಳಲ್ಲಿ ಅದು ದುಬಾರಿಯಾಗುತ್ತದೆ.

ಆ ಡಾಕ್ಟರಿಗೆ ಒಂದು ಪತ್ರ ಬರೆಯಿರಿ. ದೊಡ್ಡ ಆಸ್ಪತ್ರೆಯ ಡಿಸ್ಚಾರ್ಜ್ ಸಮ್ಮರಿಯ ಪ್ರತಿ ಜೊತೆಗಿಡಿ. ಮುಂದಿನ ಜ್ವರದ ರೋಗಿಗೆ ಅದು ಉಪಯೋಗಕ್ಕೆ ಬರುತ್ತದೆ.

ಪ್ರಶ್ನೆ: ತಾಲೂಕು ಸರ್ಕಾರಿ ಆಸ್ಪತ್ರೆಯಲ್ಲಿ 12 ವರ್ಷದ ಮಗನ ಹೊಟ್ಟೆನೋವಿಗೆ ಎರಡು ದಿನ ಗ್ಲೂಕೋಸ್ ಹಾಕಿದರು. ಅಪೆಂಡಿಕ್ಸ್ ಒಡೆದು ಖಾಸಗಿಯಲ್ಲಿ ಆಪರೇಶನ್ ಆಯಿತು. ಗ್ರಾಹಕರ ಕೋರ್ಟಿಗೆ ಹೋಗಬಹುದೇ?
- ಶಿವಮೊಗ್ಗ ಜಿಲ್ಲೆ

ಉತ್ತರ: ಎಲ್ಲರಿಗೂ ಉಚಿತವಾಗಿ ಚಿಕಿತ್ಸೆ ಕೊಡುವ ಸರ್ಕಾರಿ ಆಸ್ಪತ್ರೆ ಗ್ರಾಹಕ ಕಾನೂನಿನ ಹೊರಗೆ. ಚೀಟಿಗೆ ಐದು ಹತ್ತು ರೂಪಾಯಿ ಕೊಟ್ಟಿದ್ದರೂ ಅದು ಬದಲಾಗುವುದಿಲ್ಲ. ಕಾರ್ಮಿಕರ ವಿಮೆಯ ಇಎಸ್‌ಐ ಆಸ್ಪತ್ರೆ ಮಾತ್ರ ಒಳಗೆ ಬರುತ್ತದೆ. ವಿಮೆಯಿಂದ ಹಣ ಕಟ್ಟಿದ ಖಾಸಗಿ ಚಿಕಿತ್ಸೆಯೂ ಒಳಗೇ.

ಆದರೆ ಸರ್ಕಾರಕ್ಕೆ ಹೊಣೆ ಇಲ್ಲ ಎಂದಲ್ಲ. ಸರ್ಕಾರಿ ವೈದ್ಯರ ನಿರ್ಲಕ್ಷ್ಯಕ್ಕೆ ರಾಜ್ಯವೇ ಪರಿಹಾರ ಕೊಡಬೇಕೆಂದು ಸುಪ್ರೀಂ ಕೋರ್ಟು 1996ರಲ್ಲಿ ಹೇಳಿದೆ. ದಾರಿ ಸಿವಿಲ್ ದಾವೆ, ಅದಕ್ಕೆ ಮೊದಲು ಸರ್ಕಾರಕ್ಕೆ ಎರಡು ತಿಂಗಳ ನೋಟಿಸು ಕೊಡಬೇಕು. ಮಗ ಅಪ್ರಾಪ್ತನಾದ್ದರಿಂದ ಅವನ ದಾವೆಯ ಕಾಲಮಿತಿ 18 ತುಂಬಿದ ಮೇಲೆ ಶುರುವಾಗುತ್ತದೆ, ಆದರೂ ಸಾಕ್ಷಿ ಅಲ್ಲಿಯವರೆಗೆ ಕಾಯುವುದಿಲ್ಲ. ಕೇಸ್ ಶೀಟ್ ಕೊಡದಿದ್ದರೆ 10 ರೂಪಾಯಿ ಪೋಸ್ಟಲ್ ಆರ್ಡರ್ ಜೊತೆ ಮಾಹಿತಿ ಹಕ್ಕಿನಲ್ಲಿ ಕೇಳಿ, 30 ದಿನದೊಳಗೆ ಉತ್ತರ ಬರಬೇಕು. ಹೊಟ್ಟೆಯ ಬಲ ಕೆಳಭಾಗ ಒತ್ತಿ ನೋಡಿದ ಬಗ್ಗೆ ಟಿಪ್ಪಣಿ ಇದೆಯೇ, ಬಿಳಿ ರಕ್ತಕಣ ಎಷ್ಟಿತ್ತು, ಸರ್ಜನ್ನರಿಗೆ ತೋರಿಸಿದರೇ, ಈ ಮೂರನ್ನು ಅದರಲ್ಲಿ ನೋಡಿ. ರಾಜ್ಯ ಮಾನವ ಹಕ್ಕುಗಳ ಆಯೋಗಕ್ಕೆ ಹೋಗುವುದಾದರೆ ಘಟನೆಯಾಗಿ ಒಂದು ವರ್ಷದೊಳಗೆ ಹೋಗಿ. ಮಕ್ಕಳಿಗೂ ಕಾನೂನು ಸೇವಾ ಪ್ರಾಧಿಕಾರದ ನೆರವು ಉಚಿತ.

ಪ್ರಶ್ನೆ: ನಾವು ನೋಟಿಸು ಕೊಟ್ಟ ಮೇಲೆ ಆಸ್ಪತ್ರೆಯವರು ಮಧ್ಯವರ್ತಿಯ ಮೂಲಕ 3 ಲಕ್ಷ ಕೊಡುತ್ತೇವೆ, ಒಂದು ಕಾಗದಕ್ಕೆ ಸಹಿ ಹಾಕಿ ಅನ್ನುತ್ತಿದ್ದಾರೆ. ತೆಗೆದುಕೊಳ್ಳಬಹುದೇ?
- ತುಮಕೂರು

ಉತ್ತರ: ರಾಜಿ ಅವಮಾನವಲ್ಲ. ಹತ್ತು ವರ್ಷದ ನಂತರ ಬರುವ ಎಂಟು ಲಕ್ಷಕ್ಕಿಂತ ಇವತ್ತಿನ ಮೂರು ಲಕ್ಷ ಕೆಲವು ಮನೆಗಳಿಗೆ ಹೆಚ್ಚು ಆಸರೆ. ಮೊದಲು ನಿಮ್ಮ ನಷ್ಟವನ್ನು ಕಾಗದದ ಮೇಲೆ ಕೂಡಿಸಿ: ಆದ ಖರ್ಚು, ಮುಂದೆ ಆಗುವ ಖರ್ಚು, ನಿಂತ ಆದಾಯ. ಮುಂದಿನ ಚಿಕಿತ್ಸೆ ಎಷ್ಟು ಬೇಕೆಂದು ಗೊತ್ತಾಗುವ ಮೊದಲೇ ಸಹಿ ಹಾಕಿದವರು ಆಮೇಲೆ ಪೇಚಾಡುತ್ತಾರೆ.

ಆ ಕಾಗದದಲ್ಲಿ ‘ಪೂರ್ಣ ಮತ್ತು ಅಂತಿಮ ಇತ್ಯರ್ಥ’ ಎಂದಿದ್ದರೆ ಆಮೇಲೆ ಹಣದ ವಿಷಯದಲ್ಲಿ ಬಾಗಿಲು ಮುಚ್ಚಿತು. ‘ಚಿಕಿತ್ಸೆಯಲ್ಲಿ ಯಾವ ತಪ್ಪೂ ಆಗಿಲ್ಲವೆಂದು ಒಪ್ಪುತ್ತೇವೆ’ ಎಂಬ ಸಾಲನ್ನು ತೆಗೆಸಿ, ಅದು ರಾಜಿಗೆ ಬೇಕಾಗಿಲ್ಲ. ಖಾಲಿ ಛಾಪಾ ಕಾಗದಕ್ಕೆ ಸಹಿ ಬೇಡವೇ ಬೇಡ. ದೂರು ದಾಖಲಾದ ಮೇಲೆ ಆಯೋಗದ ಮೂಲಕವೇ ಮಧ್ಯಸ್ಥಿಕೆಗೆ ಹೋಗುವ ಅವಕಾಶ 2019ರ ಕಾಯ್ದೆಯಲ್ಲಿದೆ. ಅಲ್ಲಿ ಆದ ರಾಜಿ ಆಯೋಗದ ಆದೇಶವಾಗುತ್ತದೆ, ಹಣ ಬಾರದಿದ್ದರೆ ವಸೂಲಿಗೆ ಅಲ್ಲೇ ಅರ್ಜಿ ಹಾಕಬಹುದು. ಮಾತುಕತೆ ನಡೆಯುತ್ತಿದೆ ಎಂದು ಎರಡು ವರ್ಷದ ಗಡುವು ನಿಲ್ಲುವುದಿಲ್ಲ. ಈ ಹೊತ್ತಿನಲ್ಲಿ ಫೇಸ್‌ಬುಕ್‌ನಲ್ಲಿ ಡಾಕ್ಟರ ಫೋಟೋ ಹಾಕಬೇಡಿ, ಮಾನನಷ್ಟದ ನೋಟಿಸು ಬಂದರೆ ರಾಜಿಯ ಮಾತೂ ಮುರಿಯುತ್ತದೆ.

ಹಣವನ್ನು ನಗದಾಗಿ ತೆಗೆದುಕೊಳ್ಳಬೇಡಿ, ಡಿಡಿ ಅಥವಾ ಆರ್‌ಟಿಜಿಎಸ್ ಮೂಲಕ ಬರಲಿ. ಖಾತೆಗೆ ಜಮಾ ಆಗುವವರೆಗೆ ಮೂಲ ದಾಖಲೆಗಳನ್ನು ಅವರ ಕೈಗೆ ಕೊಡಬೇಡಿ.